ಕೆರೆ ಕಟ್ಟಿದವನಿಗೂ ಒಂದು ಪ್ರಶ್ನೆ

ಸಂಕ್ರಮಣ ಸಮೀಪಿಸಿತೆಂದರೆ ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಬೀದಿಗಳಿಗೆ ಬೇರೆಯೇ ಒಂದು ಕಳೆ ಬರುತ್ತದೆ. ನಂದಿಕೋಲುಗಳ ಮೆರವಣಿಗೆ, ಅಕ್ಷತೆ, ಹೋಮ, ಮದ್ದು ಸುಡುವ ಸಂಭ್ರಮ, ತೊರವಿಯ ಬಯಲಿನಲ್ಲಿ ದನಗಳ ಜಾತ್ರೆ. ಊರಿಗೆ ಊರೇ ಮೈಮರೆಯುತ್ತದೆ. ತಿಕೋಟಾ, ಬಬಲೇಶ್ವರಗಳ ಕಡೆಯ ಹಳ್ಳಿಗಳಿಂದ ಜನರು ಮನೆಮಂದಿಯೊಡನೆ ಬಂದು ಗುಡಿಯ ಮೆಟ್ಟಿಲಿಗೆ ಹಣೆ ಹಚ್ಚಿ ಹೋಗುತ್ತಾರೆ. ಈ ಭಕ್ತಿಯ ಬಗೆಗೆ ನಮ್ಮ ತಕರಾರು ಏನೂ ಇಲ್ಲ. ನಮ್ಮ ತಕರಾರು ಇರುವುದು ನಮ್ಮ ಮರೆವಿನ ಬಗೆಗೆ. ಈ ಸಿದ್ಧೇಶ್ವರನು ದೊಡ್ಡವನಾದುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದನ್ನೇ ಬಿಟ್ಟಿದ್ದೇವೆ. ಅದನ್ನು ಕೇಳಿಕೊಂಡಿದ್ದರೆ ನಮ್ಮ ಊರಿನ ಸಾರ್ವಜನಿಕ ಜೀವನ ಇಂದಿನ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ಸಿದ್ಧೇಶ್ವರನೆಂದರೆ ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಬಾಳಿದ ಸಿದ್ಧರಾಮ. ಕೆರೆ ಕಟ್ಟಿಸಿದವನು, ಗುಡಿ ಕಟ್ಟಿಸಿದವನು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಊರಿಗೆ ನೀರು ತಂದ ನಾಯಕ. ಇಂಥವನನ್ನು ನಮ್ಮ ಕಾಲದಲ್ಲಿ ಯಾರಾದರೂ ಪ್ರಶ್ನಿಸಿಯಾರೆ? ‘ಅಭಿವೃದ್ಧಿಯ ಹರಿಕಾರ’ನೆಂಬ ಫಲಕಗಳು ಬೀದಿಬೀದಿಗೆ ಏಳುವುವು, ಪ್ರಶ್ನಿಸಿದವನು ಅಭಿವೃದ್ಧಿಯ ವಿರೋಧಿ ಎನ್ನಿಸಿಕೊಳ್ಳುವನು. ಆದರೆ ಶೂನ್ಯಸಂಪಾದನೆಯಲ್ಲಿ ಬರುವ ಕಥೆ ಬೇರೆಯದು.

ಒಂದು ದಿನ ಅಲ್ಲಮಪ್ರಭು ಸೊನ್ನಲಿಗೆಗೆ ಬರುತ್ತಾನೆ. ಕೆರೆಯ ಕೆಲಸ ಭರದಿಂದ ಸಾಗಿದೆ. ಆಳುಗಳು ಮಣ್ಣು ಹೊರುತ್ತಿದ್ದಾರೆ. ಬಂದವನು ಕೈಮುಗಿದು ಕೆಲಸವನ್ನು ಹೊಗಳಲಿಲ್ಲ. ನಿಮ್ಮ ಒಡ್ಡರಾಮನೆಲ್ಲಿ ಎಂದು ಕೇಳಿದ. ಊರೆಲ್ಲ ದೇವರೆಂದು ನಂಬಿದವನನ್ನು ಮಣ್ಣು ಹೊರುವ ಕಸುಬಿನ ಹೆಸರು ಹಿಡಿದು ಕರೆದರೆ ಹಿಂಬಾಲಕರು ಸುಮ್ಮನಿರುತ್ತಾರೆಯೆ? ಕಲ್ಲು ಬೀರಿದರು. ಸುದ್ದಿ ತಿಳಿದ ಸಿದ್ಧರಾಮನೂ ಉರಿಗಣ್ಣು ತೆರೆದು ಬಂದ. ಉರಿ ಅಲ್ಲಮನನ್ನು ಸುಡಲಿಲ್ಲ. ಆಮೇಲೆ ಮಾತು ಮೊದಲಾಯಿತು. ಕೆರೆ ಕಟ್ಟಿದ್ದರಿಂದ, ಗುಡಿ ಕಟ್ಟಿದ್ದರಿಂದ ಕಟ್ಟಿದವನೊಳಗಿನ ‘ನಾನು’ ಎಂಬುದು ಕರಗಿತೆ, ಇಲ್ಲವೆ ಬೆಳೆಯಿತೆ? ಇದೇ ಆ ವಾದದ ತಿರುಳು. ಸಿದ್ಧರಾಮ ಸುಲಭವಾಗಿ ಸೋಲಲಿಲ್ಲ. ತನ್ನ ಕಡೆಯ ಮಾತನ್ನೆಲ್ಲ ಹೇಳಿದ. ಎದುರಿನ ಮಾತನ್ನೆಲ್ಲ ಕೇಳಿದ. ಒಪ್ಪಿಗೆಯಾದ ಮೇಲೆ ಎದ್ದು ಅಲ್ಲಮನೊಡನೆ ಕಲ್ಯಾಣದ ದಾರಿ ಹಿಡಿದ.

ಕಥೆಯೊಳಗಿನ ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ನಾವು ಗಮನಿಸಬೇಕಾದ ಸಂಗತಿಗಳು ಬೇರೆ. ಪ್ರಶ್ನೆ ಬಂದದ್ದು ಕೆಲಸಗೇಡಿಗಲ್ಲ, ಕೆಲಸ ಮಾಡಿದವನಿಗೆ. ಪ್ರಶ್ನೆಗೆ ಮೊದಲು ಬಂದ ಉತ್ತರ ಕಲ್ಲು. ಅದು ಹಿಂಬಾಲಕರ ಉತ್ತರ. ಎರಡನೆಯ ಉತ್ತರ ಸಿಟ್ಟು. ಅದು ನಾಯಕನ ಉತ್ತರ. ಮೂರನೆಯ ಉತ್ತರವೇ ಮಾತು. ನಮ್ಮ ಇಂದಿನ ನಾಯಕರಲ್ಲಿ ಬಹುಮಂದಿ ಮೊದಲಿನ ಎರಡು ಉತ್ತರಗಳಲ್ಲಿಯೇ ನಿಂತುಬಿಟ್ಟವರು. ಮೂರನೆಯದಕ್ಕೆ ಬಂದವನೊಬ್ಬನನ್ನು ಗುಡಿಯಲ್ಲಿಟ್ಟು ಪೂಜಿಸುತ್ತಿದ್ದೇವೆ. ಇನ್ನೂ ಒಂದು ಮಾತುಂಟು. ವಾದದಲ್ಲಿ ಒಪ್ಪಿಕೊಂಡ ಸಿದ್ಧರಾಮನ ಮಾನ ಹೋಗಲಿಲ್ಲ. ಅಲ್ಲಮ, ಚೆನ್ನಬಸವಣ್ಣ ಇವರ ತರುವಾಯ ಶೂನ್ಯಸಿಂಹಾಸನವನ್ನು ಏರಿದವನು ಇವನೇ ಎಂದು ಪರಂಪರೆ ಹೇಳುತ್ತದೆ. ಪ್ರಶ್ನೆಯ ಮುಂದೆ ತಲೆಬಾಗಿದವನಿಗೆ ಪೀಠ ದೊರಕಿತು. ಪೀಠ ದೊರಕಿದ ಮೇಲೆ ಪ್ರಶ್ನೆಯನ್ನೇ ಹೊರಗೆ ಹಾಕುವುದು ನಮ್ಮ ಕಾಲದ ರೀತಿ.

ಆದುದರಿಂದ ನಮ್ಮ ಪ್ರತಿಪಾದನೆ ಇಷ್ಟು. ಒಂದು ಊರಿಗೆ ವಿಚಾರವುಳ್ಳ ನಾಯಕರು ದೊರೆಯುವುದು ಭಾಷಣದಿಂದಲ್ಲ, ಕಾಮಗಾರಿಯಿಂದಲೂ ಅಲ್ಲ. ಸರಿಸಮಾನರು ಮತ್ತೆ ಮತ್ತೆ ಕೂಡಿ, ಒಬ್ಬರನ್ನೊಬ್ಬರು ಕೇಳಿ, ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಾದ ಸ್ಥಳಗಳು ಊರಲ್ಲಿದ್ದರೆ ಮಾತ್ರ ಅಂಥವರು ಹುಟ್ಟುತ್ತಾರೆ. ಅಂಥ ಸ್ಥಳಗಳನ್ನು ಕೆಡಿಸಿಕೊಂಡು ‘ಒಳ್ಳೆಯ ಪುಢಾರಿಗಳೇ ಇಲ್ಲ’ವೆಂದು ಹಲುಬುವುದು ಬೀಜ ಸುಟ್ಟು ಬೆಳೆ ಬರಲಿಲ್ಲವೆಂದು ಮಳೆಯನ್ನು ಬೈದ ಹಾಗೆ.

★

ಅನುಭವಮಂಟಪ ನಿಜವಾಗಿ ಇತ್ತೆ ಎಂದು ಪಂಡಿತರು ಕೇಳಬಹುದು. ನಾವು ಇಂದು ಚಿತ್ರದಲ್ಲಿ ಕಾಣುವಂಥ ಕಂಬಸಾಲಿನ ಸಭಾಭವನವೊಂದು ಕಲ್ಯಾಣದಲ್ಲಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿ ಸಾಲದೆಂಬ ವಾದ ಹಳೆಯದು. ಶೂನ್ಯಸಂಪಾದನೆ ಎಂಬ ಗ್ರಂಥವೂ ಬಸವಣ್ಣನ ಕಾಲದ್ದಲ್ಲ. ಸುಮಾರು ಮುನ್ನೂರು ವರ್ಷಗಳ ತರುವಾಯ, ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಅದನ್ನು ಮೊದಲು ಸಂಕಲಿಸಿದ, ಬಳಿಕ ಇನ್ನೂ ಮೂವರು ಅದನ್ನು ಪರಿಷ್ಕರಿಸಿದರು. ಇದು ನಮ್ಮ ವಾದಕ್ಕೆ ಕುಂದೆಂದು ನಾವು ತಿಳಿಯುವುದಿಲ್ಲ, ಬಲವೆಂದೇ ತಿಳಿಯುತ್ತೇವೆ. ಚೆದುರಿದ್ದ ವಚನಗಳನ್ನು ಕೂಡಿಸುವಾಗ ಆ ಸಂಕಲನಕಾರರು ಅವನ್ನು ನೀತಿಬೋಧೆಯ ಮಾಲೆಯಾಗಿ ಪೋಣಿಸಬಹುದಾಗಿತ್ತು. ಹಾಗೆ ಮಾಡದೆ ಒಂದು ಪ್ರಶ್ನೆ, ಒಂದು ಉತ್ತರ, ಮತ್ತೆ ಮರುಪ್ರಶ್ನೆ ಎಂದು ಸಂವಾದವಾಗಿ ಕಟ್ಟಿದರು. ಈ ಮಾತುಗಳು ಕೂಟದಲ್ಲಿ ಹುಟ್ಟಿದವು, ಕೂಟದಲ್ಲಿಯೇ ಅವಕ್ಕೆ ಅರ್ಥ ಎಂಬುದನ್ನು ಅವರು ಬಲ್ಲರು.

ಆ ಕೂಟದಲ್ಲಿ ವಿನಾಯಿತಿ ಯಾರಿಗೂ ಇರಲಿಲ್ಲ. ಅಲ್ಲಮನೂ ಸಿದ್ಧರಾಮನೂ ಬಾಗಿಲಲ್ಲಿ ಬಂದು ನಿಂತಿರುವಾಗ ಬಸವಣ್ಣನು ಒಳಗೆ ಪೂಜೆಯಲ್ಲಿ ಮುಳುಗಿದ್ದನೆಂದು ಚೆನ್ನಬಸವಣ್ಣನು ಅವನನ್ನು ಆಕ್ಷೇಪಿಸುತ್ತಾನೆ. ರಾಜ್ಯದ ಭಂಡಾರವನ್ನು ನೋಡಿಕೊಳ್ಳುವ ಸೋದರಮಾವನನ್ನು ವಯಸ್ಸಿನಲ್ಲಿ ಕಿರಿಯನಾದ ಅಳಿಯ ಸಭೆಯ ಮುಂದೆ ಕೇಳುತ್ತಾನೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದನೆಂದು ಹೆಂಡತಿ ಲಕ್ಕಮ್ಮ ಅವನನ್ನು ತಡೆದು ಕೇಳುತ್ತಾಳೆ. ಕೇಳಿದವಳು ಹೆಂಗಸು, ಬಡವಿ. ಆದರೂ ಅವಳ ಮಾತು ಗ್ರಂಥದಲ್ಲಿ ಉಳಿಯಿತು, ಅವನು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಒಯ್ದ. ಇಂದು ನಮ್ಮ ಯಾವ ಸಭೆಯಲ್ಲಿ ಇಂಥ ಪ್ರಶ್ನೆ ಇಷ್ಟು ಸಹಜವಾಗಿ ಬರುತ್ತದೆ? ಬಂದರೆ ಅದು ನಡಾವಳಿಯಲ್ಲಿ ಬರೆಯಲ್ಪಡುತ್ತದೆಯೆ?

ನಾವು ಮಾಡಿದ್ದೇನು? ೨೦೨೧ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಹೊಸ ಅನುಭವಮಂಟಪಕ್ಕೆ ಅಡಿಗಲ್ಲು ಹಾಕಿದೆವು. ಐದು ನೂರು ಕೋಟಿ ರೂಪಾಯಿಯ ಯೋಜನೆ. ೭೭೦ ಶರಣರ ನೆನಪಿಗೆ ೭೭೦ ಕಂಬಗಳು. ೨೦೨೪ರ ಡಿಸೆಂಬರದಲ್ಲಿ ಬೆಳಗಾವಿಯ ಸುವರ್ಣಸೌಧದಲ್ಲಿ ಅನುಭವಮಂಟಪದ ದೊಡ್ಡ ತೈಲಚಿತ್ರವನ್ನು ಅನಾವರಣ ಮಾಡಿದೆವು. ಅದೇ ವರ್ಷದ ಮೊದಲಲ್ಲಿ ಬಸವಣ್ಣನನ್ನು ರಾಜ್ಯದ ಸಾಂಸ್ಕೃತಿಕ ನಾಯಕನೆಂದು ಸರಕಾರ ಘೋಷಿಸಿಯೂ ಆಗಿತ್ತು. ಇವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಕಂಬ ಪ್ರಶ್ನೆ ಕೇಳುವುದಿಲ್ಲ. ಚಿತ್ರಪಟ ಉತ್ತರ ಕೊಡುವುದಿಲ್ಲ. ಸಭೆಯ ಗುಣವನ್ನು ಬಿಟ್ಟು ಸಭೆಯ ಕಟ್ಟಡವನ್ನು ಅಪ್ಪಿಕೊಳ್ಳುವುದು ಸುಲಭ. ಕಟ್ಟಡಕ್ಕೆ ಟೆಂಡರ್ ಕರೆಯಬಹುದು, ಗುಣಕ್ಕೆ ಕರೆಯಲಾಗದು.

★

ಈ ಗುಣವನ್ನು ಹೊಸ ಕಾಲದ ಉಡುಪಿನಲ್ಲಿ ತಂದು ನಿಲ್ಲಿಸಿದವರೊಬ್ಬರು ನಮ್ಮ ಊರಿನಲ್ಲಿಯೇ ಬಾಳಿದರು. ಫ. ಗು. ಹಳಕಟ್ಟಿಯವರು ಧಾರವಾಡದಲ್ಲಿ ೧೮೮೦ರಲ್ಲಿ ಹುಟ್ಟಿ, ಆಗಿನ ಬಿಜಾಪುರಕ್ಕೆ ವಕೀಲರಾಗಿ ಬಂದು, ೧೯೬೪ರಲ್ಲಿ ತೀರಿಕೊಳ್ಳುವವರೆಗೂ ಈ ಊರಿನವರೇ ಆಗಿ ಉಳಿದರು. ತಾಳೆಗರಿಗಳನ್ನು ಅರಸಿ ಮನೆಮನೆ ಅಲೆದು ವಚನಗಳನ್ನು ಕೂಡಿಸಿದರು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಮುದ್ರಣಕ್ಕಾಗಿ ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದರು. ಇಷ್ಟು ಎಲ್ಲರಿಗೂ ಗೊತ್ತು. ಜುಲೈ ೨ರಂದು ವಚನ ಪಿತಾಮಹರೆಂದು ಅವರ ಭಾವಚಿತ್ರಕ್ಕೆ ಹಾರ ಹಾಕುವವರೆಲ್ಲ ಇಷ್ಟನ್ನು ಹೇಳುತ್ತಾರೆ.

ಆದರೆ ಅವರು ಕಟ್ಟಿದ ಉಳಿದ ಸಂಸ್ಥೆಗಳ ಜಾತಿ ಯಾವುದೆಂದು ವಿಚಾರಿಸಿದವರು ಕಡಿಮೆ. ೧೯೧೦ರಲ್ಲಿ ಶಿಕ್ಷಣ ಸಂಘ. ೧೯೧೨ರಲ್ಲಿ ಸಿದ್ಧೇಶ್ವರನ ಹೆಸರಿನ ಸಹಕಾರಿ ಬ್ಯಾಂಕು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ. ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಸಂಘಕ್ಕೆ ಆಡಳಿತ ಮಂಡಳಿಯುಂಟು. ಬ್ಯಾಂಕಿಗೆ ಸರ್ವಸಾಧಾರಣ ಸಭೆಯುಂಟು. ಪತ್ರಿಕೆಗೆ ಓದುಗರ ಪತ್ರಗಳುಂಟು. ಮೂರೂ ಕೇಳುವ-ಹೇಳುವ ಸಂಸ್ಥೆಗಳು. ವಚನವನ್ನು ಅಚ್ಚು ಹಾಕಿಸುವ ಕೈಯೇ ಬ್ಯಾಂಕಿನ ಲೆಕ್ಕಪತ್ರವನ್ನೂ ತಿದ್ದುತ್ತಿದ್ದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಅವರು ಮುಂಬಯಿ ವಿಧಾನ ಪರಿಷತ್ತಿನಲ್ಲಿಯೂ ಕೂತವರು. ಆದರೆ ಅವರಂಥವರು ಅಲ್ಲಿಗೆ ಹೋದುದು ಇಲ್ಲಿನ ಕೂಟಗಳಲ್ಲಿ ಮಾತು ಕಲಿತು, ಮಾತಿಗಿಂತ ಹೆಚ್ಚಾಗಿ ಕೇಳುವುದನ್ನು ಕಲಿತು.

ಸಹಕಾರಿ ಸಂಘದ ಸರ್ವಸಾಧಾರಣ ಸಭೆಯೆಂಬುದನ್ನು ಇಂದಿನ ಓದುಗರು ಹಗುರಾಗಿ ಎಣಿಸಬಾರದು. ನಮ್ಮ ಪ್ರಾಂತದಲ್ಲಿಯೇ, ಗದಗದ ಹತ್ತಿರ ಕಣಗಿನಹಾಳದಲ್ಲಿ, ೧೯೦೫ರಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘ ಹುಟ್ಟಿತು. ಆ ಸಂಘಗಳ ಸೂತ್ರ ಒಬ್ಬ ಸದಸ್ಯನಿಗೆ ಒಂದೇ ಮತ. ನೂರು ಷೇರಿನ ಸಾಹುಕಾರನಿಗೂ ಒಂದೇ, ಒಂದು ಷೇರಿನ ಒಕ್ಕಲಿಗನಿಗೂ ಒಂದೇ. ವಯಸ್ಕರಿಗೆಲ್ಲ ಮತದಾನದ ಹಕ್ಕು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ನಮ್ಮ ಹಳ್ಳಿಯ ರೈತ ಸಹಕಾರಿ ಸಭೆಯಲ್ಲಿ ಎದ್ದು ನಿಂತು ‘ಈ ರಕಮು ಯಾಕ ಹೀಂಗ ಖರ್ಚಾತು?’ ಎಂದು ಕೇಳುವ ಹಕ್ಕು ಪಡೆದಿದ್ದ. ಕೇಳಿದ್ದಕ್ಕೆ ಚೇರಮನ್ನರು ಉತ್ತರ ಕೊಡಬೇಕಾಗಿತ್ತು. ಉತ್ತರ ಸರಿ ಬೀಳದಿದ್ದರೆ ಮುಂದಿನ ವರ್ಷ ಕುರ್ಚಿ ಬಿಡಬೇಕಾಗಿತ್ತು. ಹೀಗೆ ಪ್ರಶ್ನೆ ಎದುರಿಸಿ ಎದುರಿಸಿ ಪಳಗಿದವನಿಗೆ ಊರನ್ನು ಆಳುವುದು ಕಷ್ಟವಾಗುವುದಿಲ್ಲ.

ಅಂಥ ಸಭೆ ಇಂದು ಬಹಳ ಕಡೆ ಏನಾಗಿದೆ? ವರದಿ ಓದಿದ್ದೇವೆಂದು ತಿಳಿಯಿರಿ, ಮಂಜೂರು. ಲೆಕ್ಕ ನೋಡಿದ್ದೇವೆಂದು ತಿಳಿಯಿರಿ, ಮಂಜೂರು. ಇನ್ನು ಊಟಕ್ಕೆ ಏಳಿರಿ. ಸದಸ್ಯರಿಗೆ ಒಂದು ಉಡುಗೊರೆಯ ಡಬ್ಬಿ. ಅದರ ಸಾಲಿನಲ್ಲಿ ನಿಲ್ಲುವ ಆತುರ ಲೆಕ್ಕ ಕೇಳುವುದರಲ್ಲಿ ಇಲ್ಲ. ಇದಕ್ಕೆ ಆಡಳಿತ ಮಂಡಳಿಯವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಡಬ್ಬಿ ಹಿಡಿದು ಮನೆಗೆ ಬಂದವರು ನಾವೇ, ಪಟ್ಟಣದ ಓದಿದ ಜನ.

★

ಇದು ನಮ್ಮ ನಾಡಿಗೆ ಮಾತ್ರ ಸೇರಿದ ಅನುಭವವಲ್ಲ. ಡೆನ್ಮಾರ್ಕ್ ಎಂಬ ಪುಟ್ಟ ದೇಶದಲ್ಲಿ ಗ್ರುಂಡ್ವಿಗ್ ಎಂಬ ಪಾದ್ರಿ ರೈತರ ಮಕ್ಕಳಿಗಾಗಿ ಜನತಾ ವಿದ್ಯಾಲಯಗಳ ಕಲ್ಪನೆ ಕೊಟ್ಟ. ಮೊದಲನೆಯದು ೧೮೪೪ರಲ್ಲಿ ತೆರೆಯಿತು. ಅಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ. ಚಳಿಗಾಲದ ಬಿಡುವಿನಲ್ಲಿ ಹುಡುಗರು ಗುರುಗಳೊಡನೆ ವಾಸವಾಗಿದ್ದು ನಾಡಿನ ಚರಿತ್ರೆ, ಕಾವ್ಯ, ಕಾನೂನು ಇವನ್ನು ಮಾತನಾಡಿ ಕಲಿಯಬೇಕು. ಇದರಿಂದ ಹೊಟ್ಟೆ ತುಂಬೀತೆ ಎಂದು ನಕ್ಕವರು ಆಗಲೂ ಇದ್ದಿರಬೇಕು. ಆದರೆ ೧೮೮೨ರಲ್ಲಿ ಮೊದಲಾಗಿ ಆ ದೇಶದ ತುಂಬ ಹಬ್ಬಿದ ಸಹಕಾರಿ ಹೈನು ಸಂಘಗಳನ್ನು ನಡೆಸಿದವರಲ್ಲಿ ಅನೇಕರು ಈ ಶಾಲೆಗಳಲ್ಲಿ ಕೂತು ಎದ್ದವರೇ. ಪರಸ್ಪರ ನಂಬಿ ಲೆಕ್ಕ ಒಪ್ಪಿಸುವ ಅಭ್ಯಾಸ ಬೆಳೆದ ಕಡೆ ಬೆಣ್ಣೆಯ ವ್ಯಾಪಾರವೂ ಬೆಳೆಯಿತು. ನಮ್ಮ ಹಳೆಯ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಇದೇ ಮಾದರಿ ಹಿಡಿದು ೧೯೪೭ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆದಿತ್ತು.

ಬೆಂಗಳೂರಿನಲ್ಲಿ ಡಿ. ವಿ. ಗುಂಡಪ್ಪನವರು ೧೯೪೫ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದುದರ ಉದ್ದೇಶವೂ ಇದೇ ಆಗಿತ್ತು. ಮೆಟ್ರಿಕ್ಯುಲೇಶನ್ನನ್ನೂ ದಾಟದವರು ಅವರು. ಪತ್ರಕರ್ತರಾಗಿ, ನಗರಸಭೆಯ ಸದಸ್ಯರಾಗಿ, ಶಾಸನ ಪರಿಷತ್ತಿನ ಸದಸ್ಯರಾಗಿ ಸಾರ್ವಜನಿಕ ಜೀವನವನ್ನು ಒಳಗಿನಿಂದ ಕಂಡವರು. ಸ್ವರಾಜ್ಯ ಇನ್ನೇನು ಕೈಗೆ ಬರಲಿದೆ, ಎಲ್ಲರೂ ಘೋಷಣೆ ಕೂಗುತ್ತಿದ್ದಾರೆ. ಆ ಹೊತ್ತಿನಲ್ಲಿ ಇವರು ಪ್ರಜೆಗಳಿಗೆ ರಾಜ್ಯಶಾಸ್ತ್ರ ಓದಿಸುವ, ಕೂಡಿ ವಿಚಾರ ಮಾಡಿಸುವ ಒಂದು ಮನೆ ಬೇಕೆಂದರು. ಮತ ಹಾಕುವ ಹಕ್ಕು ಒಂದು ದಿನದಲ್ಲಿ ಬರಬಹುದು. ಮತ ಹಾಕುವ ಬುದ್ಧಿಗೆ ಅಭ್ಯಾಸ ಬೇಕು ಎಂಬುದು ಅಲ್ಲಿನ ತಾತ್ಪರ್ಯ. ಅಂಥ ಒಂದು ಮನೆ ವಿಜಯಪುರದಂಥ ಊರುಗಳಲ್ಲಿ ಎಷ್ಟು ಇವೆ? ಮಂಗಲ ಕಾರ್ಯಾಲಯಗಳನ್ನು ಎಣಿಸಿ, ಇವನ್ನೂ ಎಣಿಸಿ ನೋಡಬಹುದು.

★

ಈಗ ಆಕ್ಷೇಪಗಳನ್ನು ನೋಡೋಣ. ಮೊದಲನೆಯದು: ‘ಮಾತು ಸಾಕು, ಕೆಲಸ ಬೇಕು.’ ಇದು ನಮ್ಮ ಪುಢಾರಿಗಳಿಗೆ ಅತ್ಯಂತ ಪ್ರಿಯವಾದ ಮಾತು; ಅವರು ಇದನ್ನು ಗಂಟೆಗಟ್ಟಲೆ ಮಾತನಾಡುತ್ತಾರೆ. ಕೆಲಸ ಬೇಡವೆಂದವರು ಯಾರು? ಯಾವ ಕೆಲಸ, ಯಾರಿಗಾಗಿ, ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಗೊತ್ತುಮಾಡುವುದು ಮಾತಿನಿಂದಲ್ಲದೆ ಮತ್ತಾವುದರಿಂದ? ರಸ್ತೆ ಹಾಕಿದ ತಿಂಗಳಲ್ಲಿಯೇ ಕೊಳಾಯಿಗಾಗಿ ಅದನ್ನು ಅಗೆಯುವುದು ಮಾತು ಹೆಚ್ಚಾಗಿ ಆದ ಅನಾಹುತವಲ್ಲ. ಇಬ್ಬರು ಅಧಿಕಾರಿಗಳು ಕೂಡಿ ಒಂದು ಮಾತು ಆಡದೆ ಆದ ಅನಾಹುತ.

ಎರಡನೆಯದು: ‘ಸಂವಾದವೇನು, ದಿನವೂ ರಾತ್ರಿ ದೂರದರ್ಶನದಲ್ಲಿ ನಡೆಯುತ್ತದೆಯಲ್ಲ, ಕೈಯೊಳಗಿನ ಮೊಬೈಲಿನಲ್ಲಿ ಎಲ್ಲರೂ ಅಭಿಪ್ರಾಯ ಬರೆಯುತ್ತಾರಲ್ಲ!’ ನಮ್ಮ ಗೋಳಗುಮ್ಮಟಕ್ಕೆ ಬಂದ ಪ್ರವಾಸಿಕರು ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಕೂಗುತ್ತಾರೆ. ತಮ್ಮ ದನಿಯೇ ಹಲವು ಸಲ ಮರಳಿ ಬಂದುದನ್ನು ಕೇಳಿ ಸಂತೋಷಪಡುತ್ತಾರೆ. ೧೬೫೬ರ ಆ ಕಟ್ಟಡದಲ್ಲಿ ಅದು ಶಿಲ್ಪಿಯ ಚಮತ್ಕಾರ. ಪ್ರಜೆಗಳ ಬಾಳಿನಲ್ಲಿ ಅದು ರೋಗ. ನಮ್ಮ ಪಕ್ಷದವರ ಗುಂಪಿನಲ್ಲಿ ನಾವು ಕೂಗಿ ನಮ್ಮದೇ ಮಾತು ಹತ್ತು ಸಲ ಮರಳಿದಾಗ ‘ಜನಾಭಿಪ್ರಾಯ’ವೆಂದು ಭ್ರಮಿಸುತ್ತೇವೆ. ಪ್ರತಿಧ್ವನಿ ಎಂದೂ ಯಾರ ತಪ್ಪನ್ನೂ ತಿದ್ದಿದ್ದಿಲ್ಲ. ಎದುರಿಗೆ ಕೂತ ಮನುಷ್ಯನ ಮುಖ ಕಾಣಬೇಕು, ನಾಳೆಯೂ ಅದೇ ಬೀದಿಯಲ್ಲಿ ಅವನನ್ನು ಕಾಣಬೇಕಾಗಿರಬೇಕು. ಆಗ ಮಾತಿಗೆ ಹೊಣೆ ಬರುತ್ತದೆ.

ಮೂರನೆಯದು ಹೆಚ್ಚು ಗೌರವಕ್ಕೆ ಪಾತ್ರವಾದುದು: ‘ನಮ್ಮಲ್ಲಿ ಪ್ರವಚನದ ಪರಂಪರೆ ಇದೆ, ಅದೇ ಜನರನ್ನು ತಿದ್ದುತ್ತದೆ.’ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ೨೦೨೩ರ ಜನವರಿ ೨ರಂದು ತೀರಿಕೊಂಡಾಗ ಈ ಊರಿಗೆ ಬಂದ ಜನಸಾಗರವನ್ನು ಕಂಡವರಾರೂ ಆ ಪರಂಪರೆಯನ್ನು ಹಗುರಾಗಿ ಕಾಣಲಾರರು. ೨೦೧೮ರಲ್ಲಿ ಪದ್ಮಶ್ರೀ ಬಂದರೆ ಬೇಡವೆಂದ ಆ ಸರಳ ಜೀವಿಯ ಮಾತು ಕೇಳಿ ಎಷ್ಟೋ ಮಂದಿ ಒಳ್ಳೆಯವರಾದರು. ಆದರೆ ಒಳ್ಳೆಯ ಮನುಷ್ಯ ಬೇರೆ, ಒಳ್ಳೆಯ ನಾಗರಿಕ ಬೇರೆ. ಪ್ರವಚನ ಕೇಳಿದವನು ಒಬ್ಬನೇ ಮನೆಗೆ ಹೋಗಿ ತನ್ನ ಮನಸ್ಸನ್ನು ಶುದ್ಧ ಮಾಡಿಕೊಳ್ಳುತ್ತಾನೆ. ಓಣಿಯ ಗಟಾರ ಶುದ್ಧವಾಗಬೇಕಾದರೆ ಹತ್ತು ಮನೆಯವರು ಕೂಡಬೇಕು, ಜಗಳಾಡಬೇಕು, ಕೊನೆಗೆ ಒಂದು ಮಾತಿಗೆ ಬರಬೇಕು. ಮೌನವಾಗಿ ಕೂತು ಕೇಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಎದ್ದು ನಿಂತು ಕೇಳುವುದನ್ನು ಕಲಿಯುವುದು ಉಳಿದಿದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಶಬ್ದ. ಅರ್ಧವನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ನಾಲ್ಕನೆಯ ಆಕ್ಷೇಪವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ನಾವೇ ಹೇಳಿಬಿಡುತ್ತೇವೆ. ಸಂವಾದದ ಕೂಟ ಕಲ್ಯಾಣವನ್ನು ಉಳಿಸಲಿಲ್ಲ. ಹರಳಯ್ಯ, ಮಧುವಯ್ಯರ ಮಕ್ಕಳ ಮದುವೆಯ ಪ್ರಸಂಗದಲ್ಲಿ ರಕ್ತ ಹರಿಯಿತು, ಶರಣರು ಚೆದುರಿದರು. ಅಹುದು. ಮಾತು ಎಲ್ಲ ಕತ್ತಿಗಳನ್ನೂ ತಡೆಯುವುದೆಂದು ನಾವು ಭರವಸೆ ಕೊಡಲಾರೆವು. ಆದರೆ ಅಲ್ಲಿ ಸೋತದ್ದು ಸಂವಾದವಲ್ಲ, ಸಂವಾದದ ಹೊರಗೆ ಉಳಿದವರ ಹಗೆ. ನಮಗೆ ಅದರಿಂದ ದೊರೆಯುವ ಪಾಠವೂ ಅದೇ. ನಮ್ಮ ಊರಿನಲ್ಲಿ ಒಂದೊಂದು ಜಾತಿಗೆ ಒಂದೊಂದು ಸಂಘ, ಒಂದೊಂದು ವಸತಿಗೃಹ, ಒಂದೊಂದು ಸಮುದಾಯ ಭವನ. ಒಳಗೆ ಮಾತು ನಡೆಯುತ್ತದೆ, ಗೋಡೆಯಾಚೆಗೆ ನಡೆಯುವುದಿಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಇವರೆಲ್ಲ ಒಂದೇ ಕೂಟದಲ್ಲಿ ಕೂತರೆಂಬುದನ್ನು ಭಾಷಣದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುವವರು ಮನೆಗೆ ಹೋಗುವುದು ತಮ್ಮ ತಮ್ಮ ಓಣಿಗೆ. ಗುಡಿಯ ಓಣಿಯವರೂ ಮಸೀದಿಯ ಓಣಿಯವರೂ ಒಂದೇ ನಳದ ನೀರು ಕುಡಿಯುವ ಈ ಊರಿನಲ್ಲಿ ಆ ನೀರಿನ ವಿಷಯವನ್ನಾದರೂ ಕೂಡಿ ಮಾತನಾಡುವ ಒಂದು ಕಟ್ಟೆ ಬೇಡವೆ?

★

ಕಟ್ಟೆಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ, ಕಾನೂನು ಕಟ್ಟಿಟ್ಟಿದೆ. ಸಂವಿಧಾನದ ೭೪ನೆಯ ತಿದ್ದುಪಡಿ ೧೯೯೩ರ ಜೂನಿನಲ್ಲಿ ಜಾರಿಗೆ ಬಂತು. ಮೂರು ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಊರಿಗೆ ವಾರ್ಡ್ ಸಮಿತಿಗಳು ಬೇಕೆಂದು ಅದು ಹೇಳುತ್ತದೆ. ೨೦೧೧ರ ಜನಗಣತಿಯಲ್ಲಿಯೇ ನಮ್ಮ ಊರು ಆ ಗೆರೆಯನ್ನು ದಾಟಿತ್ತು. ಅದೇ ವರ್ಷ ರಾಜ್ಯದ ಮಹಾನಗರ ಪಾಲಿಕೆಗಳ ಕಾಯಿದೆಗೆ ತಿದ್ದುಪಡಿ ತಂದು, ವಾರ್ಡ್ ಸಮಿತಿ, ಅದರ ಕೆಳಗೆ ಮತದಾರರೆಲ್ಲ ಕೂಡುವ ಪ್ರದೇಶ ಸಭೆ ಎಂದು ವ್ಯವಸ್ಥೆ ಮಾಡಲಾಯಿತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಅನುಭವಮಂಟಪ ಬೇಕಿಲ್ಲ. ಓದುಗರನ್ನು ಒಂದು ಮಾತು ಕೇಳುತ್ತೇವೆ: ನಿಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದಾರೆಂದು ಬಲ್ಲಿರಾ? ನಿಮ್ಮ ಪ್ರದೇಶ ಸಭೆಗೆ ಎಂದಾದರೂ ಹೋಗಿದ್ದೀರಾ? ಅದರ 'ನೋಟೀಸು' ನಿಮ್ಮ ಮನೆಗೆ ಬಂದಿತ್ತೆ? ಬಾರದಿದ್ದರೆ, ಏಕೆ ಬರಲಿಲ್ಲವೆಂದು ಕೇಳಿದಿರಾ?

ಪಾಲಿಕೆಯ ಮೂವತ್ತೈದು ವಾರ್ಡುಗಳಿಗೆ ೨೦೨೨ರ ಅಕ್ಟೋಬರದಲ್ಲಿ ಚುನಾವಣೆ ಆಯಿತು. ಮಹಾಪೌರರ ಆಯ್ಕೆ ಆದುದು ೨೦೨೪ರ ಜನವರಿಯಲ್ಲಿ. ಒಂದು ವರ್ಷಕ್ಕೂ ಮೀರಿ ಆರಿಸಿ ಬಂದವರಿದ್ದೂ ಸಭೆ ನಡೆಸುವ ಯಜಮಾನರಿಲ್ಲದೆ ಊರು ಕಳೆಯಿತು. ಇದಕ್ಕೆ ಕಾರಣಗಳು ಹಲವಿರಬಹುದು. ಅವನ್ನು ಇಲ್ಲಿ ಕೆದಕುವುದಿಲ್ಲ. ನಮ್ಮನ್ನು ದಿಗಿಲುಗೊಳಿಸುವುದು ಕಾರಣಗಳಲ್ಲ, ಊರಿನ ನೆಮ್ಮದಿ. ನಗರಸಭಾಗೃಹದ ಮುಖ್ಯ ಕುರ್ಚಿ ಖಾಲಿಯಿದ್ದರೂ ನಮ್ಮ ದಿನಚರಿಯಲ್ಲಿ ಏನೂ ಕೊರತೆ ಕಾಣದಷ್ಟು ನಾವು ಸಭೆಯಿಲ್ಲದ ಬಾಳಿಗೆ ಒಗ್ಗಿಹೋಗಿದ್ದೇವೆ. ಜಾತ್ರೆ ಒಂದು ವರ್ಷ ನಿಂತಿದ್ದರೆ ಹೀಗೆ ಸುಮ್ಮನಿರುತ್ತಿದ್ದೆವೆ?

ಹಳ್ಳಿಯ ಕಡೆಗೂ ನೋಡಿರಿ. ತಿಕೋಟಾ, ಬಬಲೇಶ್ವರ ಎರಡೂ ಈಗ ತಾಲೂಕುಗಳು. ಬರಕ್ಕೆ ಹೆಸರಾದ ಈ ಭಾಗಕ್ಕೆ ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಏರಿ ಬಂತು; ಒಣಗಿದ ಕೆರೆಗಳು ತುಂಬಿದವು; ದ್ರಾಕ್ಷಿಯ ಪಡಕುಗಳಿಗೆ ಜೀವ ಬಂತು. ಇದು ಸಿದ್ಧರಾಮನ ಕೆಲಸದ ಸಾಲಿಗೆ ಸೇರುವ ಕೆಲಸವೇ ಸರಿ. ಮಾಡಿದವರನ್ನು ನೆನೆಯುವುದು ನ್ಯಾಯ. ಆದರೆ ಕೆರೆ ತುಂಬಿದ ಮರುದಿನವೇ ಅಲ್ಲಮನ ಪ್ರಶ್ನೆ ಹುಟ್ಟಬೇಕು. ಕಾಲುವೆಯ ತಲೆಯವನಿಗೆ ಎಷ್ಟು, ಬಾಲದವನಿಗೆ ಎಷ್ಟು? ದ್ರಾಕ್ಷಿಯವನಿಗೂ ಜೋಳದವನಿಗೂ ಒಂದೇ ನ್ಯಾಯವೆ? ನೀರಿಲ್ಲದ ವರ್ಷ ಮೊದಲು ಬಾಯಾರಬೇಕಾದವರು ಯಾರು? ಇವುಗಳಿಗೆ ಇಂಜಿನಿಯರರ ನಕಾಶೆಯಲ್ಲಿ ಉತ್ತರವಿಲ್ಲ. ಶಾಸಕರ ಕೃಪೆಯಲ್ಲಿ ಇರಬಾರದು. ೧೯೯೩ರ ಪಂಚಾಯತ ರಾಜ್ ಕಾಯಿದೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡಬೇಕೆಂದು ವಿಧಿಸಿದೆ. ಆ ಸಭೆ ಫಲಾನುಭವಿಗಳ ಪಟ್ಟಿ ಓದುವುದರಲ್ಲಿ ಮುಗಿದರೆ ನೀರು ಬಂದೀತು, ನ್ಯಾಯ ಬಾರದು. ಗ್ರಾಮಸಭೆಯಲ್ಲಿ ನೀರಿನ ಪಾಲನ್ನು ಗದ್ದಲವಿಲ್ಲದೆ ತೀರ್ಮಾನಿಸಿ ತೋರಿಸಿದ ಹುಡುಗನೋ ಹುಡುಗಿಯೋ ನಾಳೆ ಜಿಲ್ಲೆಯನ್ನು ನಡೆಸಲು ಯೋಗ್ಯರು. ಪಕ್ಷದ ಕಚೇರಿಯಲ್ಲಿ ಜಯಕಾರ ಹಾಕಿ ಮೇಲೆ ಬಂದವರಲ್ಲಿ ಆ ಯೋಗ್ಯತೆ ಎಲ್ಲಿಂದ ಬಂದೀತು?

ಈಚೆಗೆ ಕಾಲೇಜುಗಳಲ್ಲಿ ‘ನಾಯಕತ್ವ ಶಿಬಿರ’ಗಳೆಂಬ ಹೊಸ ಹಂಗಾಮು ಎದ್ದಿದೆ. ಹೇಗೆ ನಿಲ್ಲಬೇಕು, ಹೇಗೆ ಕೈ ಆಡಿಸಬೇಕು, ಹೇಗೆ ಸಭಿಕರ ಮನಸ್ಸು ಸೆಳೆಯಬೇಕೆಂದು ಎರಡು ದಿನ ಕಲಿಸಿ ಪ್ರಮಾಣಪತ್ರ ಕೊಡುತ್ತಾರೆ. ಗೆಲ್ಲುವ ಮಾತನ್ನು ಕಲಿಸುವವರು ಸಾಕಷ್ಟು ಇದ್ದಾರೆ. ಒಪ್ಪಿಕೊಳ್ಳುವ ಮಾತನ್ನು, ‘ನೀವು ಹೇಳಿದ್ದು ಸರಿ, ನಾನು ಅದನ್ನು ಯೋಚಿಸಿರಲಿಲ್ಲ’ ಎಂಬ ಒಂದು ವಾಕ್ಯವನ್ನು, ಕಲಿಸುವ ಶಿಬಿರವನ್ನು ಯಾರಾದರೂ ನಡೆಸಲಿ. ಸಿದ್ಧರಾಮನು ಸೊನ್ನಲಿಗೆಯ ಕೆರೆಯ ದಡದಲ್ಲಿ ಕಲಿತದ್ದು ಅದನ್ನೇ.

ನಮ್ಮ ಬೇಡಿಕೆ ದೊಡ್ಡದಲ್ಲ, ಖರ್ಚಿನದೂ ಅಲ್ಲ. ಸಿದ್ಧೇಶ್ವರ ಗುಡಿಯ ಸುತ್ತಲಿನ ವಾರ್ಡುಗಳಿಂದಲೇ ಮೊದಲಾಗಲಿ. ತಿಂಗಳಿಗೊಂದು ಸಂಜೆ, ಗೊತ್ತಾದ ದಿನ, ಗೊತ್ತಾದ ಸ್ಥಳ. ವೇದಿಕೆ ಬೇಡ, ಹಾರ, ಶಾಲು, ಸ್ಮರಣಿಕೆ ಬೇಡ, ಅಧ್ಯಕ್ಷೀಯ ಭಾಷಣ ಸುತರಾಂ ಬೇಡ. ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂಡಲಿ. ಆ ವಾರ್ಡಿನ ಸದಸ್ಯರೂ ಸಂಬಂಧಪಟ್ಟ ಅಧಿಕಾರಿಯೂ ಬರಲಿ. ಮೊದಲ ಪ್ರಶ್ನೆ ಹೆಂಗಸರದಾಗಲಿ, ನಳದ ನೀರಿನ ಹೊತ್ತು ಅವರಿಗೇ ಚೆನ್ನಾಗಿ ಗೊತ್ತು. ಎರಡನೆಯದು ಪೌರಕಾರ್ಮಿಕರದಾಗಲಿ, ಊರಿನ ಗಟಾರ ಅವರಿಗೇ ಚೆನ್ನಾಗಿ ಗೊತ್ತು. ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ಎರಡನ್ನೂ ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಲಿ. ಮುಂದಿನ ತಿಂಗಳು ಆ ಹಾಳೆಯನ್ನು ಓದಿದ ಮೇಲೆಯೇ ಹೊಸ ಮಾತು ಎತ್ತಲಿ. ಹೀಗೆ ಎರಡು ವರ್ಷ ನಡೆದರೆ ಆ ಜಮಖಾನೆಯ ಮೇಲಿಂದ ನಾಲ್ಕಾರು ಮಂದಿ ವಿಚಾರವಂತರು ತಾವಾಗಿಯೇ ಮೇಲೆದ್ದು ಬರುತ್ತಾರೆ. ಅವರ ಜಾತಿಯನ್ನೂ ಪಕ್ಷವನ್ನೂ ಕೇಳುವ ಅಗತ್ಯ ಊರಿಗೆ ಅಷ್ಟಾಗಿ ಬೀಳುವುದಿಲ್ಲ, ಏಕೆಂದರೆ ಊರು ಅವರ ಮಾತನ್ನು ಇಪ್ಪತ್ತನಾಲ್ಕು ಸಲ ಕೇಳಿರುತ್ತದೆ.

ಮುಂದಿನ ಸಂಕ್ರಮಣಕ್ಕೆ ನಂದಿಕೋಲುಗಳು ಮತ್ತೆ ಹೊರಡುವುವು, ಹೊರಡಬೇಕು. ಆದರೆ ಗುಡಿಯೊಳಗಿನ ದೇವರು ಒಂದು ಕಾಲಕ್ಕೆ ಕೆರೆಯ ಏರಿಯ ಮೇಲೆ ನಿಂತು ಅಪರಿಚಿತನೊಬ್ಬನ ಪ್ರಶ್ನೆಗೆ ಉತ್ತರ ಕೊಟ್ಟವನು. ಅವನ ಊರಿನಲ್ಲಿ ಪ್ರಶ್ನೆ ಕೇಳುವುದು ಅಪಚಾರವಾದರೆ, ಹಣ್ಣುಕಾಯಿ ಒಯ್ದು ಅವನ ಮುಂದೆ ನಿಲ್ಲಲು ನಮಗೆ ಮುಖ ಎಲ್ಲಿದೆ?